ನರ್ಸ್‌ ಮತ್ತು ವೈದ್ಯರ ಕೊರತೆ: ಸೀಟು ಹೆಚ್ಚಿಸುವ ಮೊದಲು ಮಾಡಬೇಕಾದ ಲೆಕ್ಕ

ನರ್ಸ್‌ಗಳೂ ವೈದ್ಯರೂ ಸಾಲದೆ ಬಂದಾಗ ಆಡಳಿತಕ್ಕೆ ಮೊದಲು ತೋಚುವ ಪರಿಹಾರವೆಂದರೆ ಹೊಸ ಕಾಲೇಜು ತೆರೆಯುವುದು ಅಥವಾ ಇರುವ ಕಾಲೇಜುಗಳಲ್ಲಿ ಸೀಟು ಹೆಚ್ಚಿಸುವುದು. ಈ ವರ್ಷ ಪ್ರವೇಶ ಪಡೆದವರು ನರ್ಸ್‌ಗಳಾಗಿ ವಾರ್ಡಿಗೆ ಬರಲು ಸಾಮಾನ್ಯವಾಗಿ ಮೂರು-ನಾಲ್ಕು ವರ್ಷ ಬೇಕು. ತಜ್ಞ ವೈದ್ಯರಾಗಲು ಹತ್ತು ವರ್ಷವೂ ಹಿಡಿಯಬಹುದು. ಇಷ್ಟು ದೂರದ ಫಲವನ್ನು ನಂಬಿ ಹಣ ಹಾಕುವ ಮೊದಲು ಕೊರತೆ ಎಲ್ಲಿದೆ, ಎಷ್ಟಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಸಾವಿರ ಜನರಿಗೆ ಇಷ್ಟು ಮಂದಿ ಎಂಬ ಅನುಪಾತ ದೇಶಗಳ ಹೋಲಿಕೆಗೆ ಸಾಕಾಗಬಹುದು, ಆಸ್ಪತ್ರೆಯೊಂದರ ಅಗತ್ಯವನ್ನು ಅದು ಹೇಳಲಾರದು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ಕೆಲಸದ ಹೊರೆಯ ಸೂಚಕ ಪದ್ಧತಿಯಲ್ಲಿ ಲೆಕ್ಕ ಕೆಲಸದಿಂದಲೇ ಆರಂಭವಾಗುತ್ತದೆ: ವರ್ಷದಲ್ಲಿ ಎಷ್ಟು ಹೆರಿಗೆ, ಎಷ್ಟು ಒಳರೋಗಿಗಳ ಆರೈಕೆ, ಒಂದೊಂದಕ್ಕೂ ಸರಿಯಾಗಿ ಮಾಡಿದರೆ ಎಷ್ಟು ಸಮಯ ಎಂದು ಬರೆದುಕೊಂಡು, ಒಬ್ಬ ಸಿಬ್ಬಂದಿ ನಿಜವಾಗಿ ದುಡಿಯಬಲ್ಲ ಗಂಟೆಗಳಿಂದ ಭಾಗಿಸಬೇಕು. ಉದಾಹರಣೆಗೆ, ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ಕೆಲಸದ ದಿನಗಳಿವೆ ಎಂದುಕೊಳ್ಳಿ. ರಜೆ, ಹಬ್ಬ, ಅನಾರೋಗ್ಯ ಮತ್ತು ತರಬೇತಿಗೆ 45 ದಿನ ಕಳೆದರೆ ಉಳಿಯುವುದು 215 ದಿನ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 1,720 ಗಂಟೆ. ಹಗಲು-ರಾತ್ರಿ ಖಾಲಿ ಬಿಡಲಾಗದ ಒಂದು ಸ್ಥಾನಕ್ಕೆ ವರ್ಷಕ್ಕೆ 8,760 ಗಂಟೆಗಳ ಸೇವೆ ಬೇಕು. ಹಾಗಾಗಿ ಆ ಒಂದು ಸ್ಥಾನಕ್ಕೆ ಐವರಿಗಿಂತ ತುಸು ಹೆಚ್ಚೇ ನರ್ಸ್‌ಗಳು ಅಗತ್ಯ. ಮೂರು ಪಾಳಿಗೆ ಮೂವರು ಸಾಕು ಎಂದು ಹುದ್ದೆ ಮಂಜೂರು ಮಾಡಿದಲ್ಲಿ ಕೊರತೆ ಕಾಗದದ ಮೇಲೆಯೇ ಹುಟ್ಟಿಕೊಳ್ಳುತ್ತದೆ.

ಅನಂತರ ಸೋರಿಕೆಯನ್ನು ಅಳೆಯಬೇಕು. ಪ್ರವೇಶ ಪಡೆದವರಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿ ನೋಂದಣಿ ಮಾಡಿಸಿದರು, ಎಷ್ಟು ಮಂದಿ ಮೂರನೆಯ ವರ್ಷವೂ ಕೆಲಸದಲ್ಲಿದ್ದರು, ಮುಂದಿನ ಹತ್ತು ವರ್ಷಗಳಲ್ಲಿ ಎಷ್ಟು ಮಂದಿ ನಿವೃತ್ತರಾಗುತ್ತಾರೆ ಎಂಬ ಅಂಕಿಗಳನ್ನು ಒಂದೊಂದು ವರ್ಷ ಪ್ರವೇಶ ಪಡೆದ ಪ್ರತಿ ತಂಡಕ್ಕೂ ಬೇರೆಬೇರೆಯಾಗಿ ಇಡಬೇಕು. ನೋಂದಣಿ ಪುಸ್ತಕದಲ್ಲಿರುವ ಹೆಸರುಗಳನ್ನೇ ನಂಬುವಂತಿಲ್ಲ. ವೃತ್ತಿ ಬಿಟ್ಟವರು, ವಿದೇಶಕ್ಕೆ ಹೋದವರು ಅದರಲ್ಲಿ ಉಳಿದುಕೊಂಡೇ ಇರುತ್ತಾರೆ.

ಸೀಟು ಹೆಚ್ಚಿಸಲೇಬೇಕೆಂದು ಲೆಕ್ಕ ಹೇಳಿದರೆ, ಮೊದಲು ಬೋಧಕರನ್ನೂ ಕ್ಲಿನಿಕಲ್ ತರಬೇತಿಯ ಜಾಗಗಳನ್ನೂ ಎಣಿಸಬೇಕು. ತರಗತಿ ಕೊಠಡಿ ಬೇಗ ಕಟ್ಟಬಹುದು, ಅನುಭವಿ ಬೋಧಕರು ಬೇಗ ಸಿಗುವುದಿಲ್ಲ. ಬೋಧನೆಯ ವೇತನ ಆಸ್ಪತ್ರೆಯದಕ್ಕಿಂತ ಕಡಿಮೆಯಿದ್ದರಂತೂ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಒಬ್ಬ ರೋಗಿಯ ಹಾಸಿಗೆಯ ಸುತ್ತ ಹದಿನೈದು ವಿದ್ಯಾರ್ಥಿಗಳು ನಿಂತರೆ ಕೈಕೆಲಸ ಯಾರೂ ಕಲಿಯುವುದಿಲ್ಲ, ರೋಗಿಯ ಮಾನವೂ ಉಳಿಯುವುದಿಲ್ಲ. ವಾರ್ಡಿನಲ್ಲಿ ಕಲಿಸುವ ಹಿರಿಯ ನರ್ಸ್‌ಗಳಿಗೆ ಅದಕ್ಕೆಂದೇ ಸಮಯವನ್ನೂ ಭತ್ಯೆಯನ್ನೂ ಗೊತ್ತುಮಾಡಬೇಕು. ವೈದ್ಯಕೀಯ ಸೀಟುಗಳನ್ನು ಹೆಚ್ಚಿಸಿ ಸ್ನಾತಕೋತ್ತರ ಸ್ಥಾನಗಳನ್ನು ಇದ್ದಷ್ಟೇ ಬಿಟ್ಟರೆ, ಪದವೀಧರರು ವರ್ಷಗಟ್ಟಲೆ ಪ್ರವೇಶ ಪರೀಕ್ಷೆಗಳಲ್ಲೇ ಕಳೆಯುತ್ತಾರೆ.

ದೂರದ ಊರುಗಳ ಕೊರತೆಗೆ ಆಯ್ಕೆಯಲ್ಲಿಯೇ ಮದ್ದಿದೆ. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳು ಗ್ರಾಮೀಣ ಸೇವೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚೆಂಬುದು ಅನೇಕ ದೇಶಗಳ ಅನುಭವ. ಜಪಾನಿನಲ್ಲಿ 1972ರಲ್ಲಿ ಆರಂಭವಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವು ಪ್ರತಿಯೊಂದು ಪ್ರಾಂತದಿಂದ ವಿದ್ಯಾರ್ಥಿಗಳನ್ನು ಆರಿಸುತ್ತದೆ. ಓದು ಮುಗಿದ ಮೇಲೆ ತವರು ಪ್ರಾಂತದಲ್ಲಿ ಸಾಮಾನ್ಯವಾಗಿ ಒಂಬತ್ತು ವರ್ಷ ಸೇವೆ ಸಲ್ಲಿಸಿದವರಿಗೆ ಶುಲ್ಕ ಮನ್ನಾ ಆಗುತ್ತದೆ. ಕಡ್ಡಾಯ ಸೇವೆಯನ್ನಷ್ಟೇ ನಕಲು ಮಾಡಿ ವಸತಿ, ಮಕ್ಕಳ ಶಿಕ್ಷಣ, ಹಿರಿಯರ ಮಾರ್ಗದರ್ಶನವನ್ನು ಬಿಟ್ಟುಬಿಟ್ಟರೆ ಅವಧಿ ಮುಗಿದ ಮರುದಿನವೇ ಹುದ್ದೆ ಮತ್ತೆ ಖಾಲಿಯಾಗುತ್ತದೆ.

ವಿದೇಶದಿಂದ ನೇಮಿಸಿಕೊಳ್ಳುವುದು ತಾತ್ಕಾಲಿಕವಾಗಿ ನೆರವಾಗಬಹುದು. ಆದರೆ ತಮ್ಮಲ್ಲೇ ತೀವ್ರ ಕೊರತೆಯಿರುವ ದೇಶಗಳಿಂದ ಸಕ್ರಿಯವಾಗಿ ಸೆಳೆಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2010ರ ಸಂಹಿತೆ ನಿರುತ್ತೇಜಿಸುತ್ತದೆ, ಅದು ನ್ಯಾಯವೂ ಹೌದು.

ಎಲ್ಲಕ್ಕಿಂತ ಬೇಗ ಫಲ ಕೊಡುವುದು ಇರುವವರನ್ನು ಉಳಿಸಿಕೊಳ್ಳುವುದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನರ್ಸ್‌ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಗೊಳಗಾದವರ ಸಾವಿನ ಸಾಧ್ಯತೆ ಶೇ 7ರಷ್ಟು, ನರ್ಸ್‌ಗಳು ದಣಿದು ಬಸವಳಿಯುವ ಸಾಧ್ಯತೆ ಶೇ 23ರಷ್ಟು ಏರಿದ್ದು ಕಂಡುಬಂದಿತ್ತು. ಬಸವಳಿದವರು ಕೆಲಸ ಬಿಟ್ಟಾಗ ಉಳಿದವರ ಹೊರೆ ಇನ್ನಷ್ಟು ಬೆಳೆಯುತ್ತದೆ. ಆದ್ದರಿಂದ ಹೊಸಬರಿಗೆ ಮೊದಲ ವರ್ಷ ಹಿರಿಯರ ಜೊತೆಗಾರಿಕೆ, ಮುಂಚಿತವಾಗಿ ತಿಳಿಯುವ ಪಾಳಿಪಟ್ಟಿ, ರಾತ್ರಿ ಪಾಳಿಯಲ್ಲಿ ಸುರಕ್ಷತೆ, ಬಡ್ತಿಯ ದಾರಿ ಇವುಗಳಿಗೆ ಹೊಸ ಕಟ್ಟಡಕ್ಕಿಂತ ಮೊದಲು ಹಣ ಮೀಸಲಿಡಬೇಕು. ದಾಖಲೆ ಬರೆಯುವುದು, ಸಾಮಾನು ಸಾಗಿಸುವುದು ಮೊದಲಾದ ಕೆಲಸಗಳಿಗೆ ಸಹಾಯಕರನ್ನು ಕೊಟ್ಟರೆ ನರ್ಸ್‌ಗಳ ಗಂಟೆಗಳು ರೋಗಿಗೆ ಸಿಗುತ್ತವೆ.

ಈ ಲೆಕ್ಕವನ್ನು ಎರಡು ವರ್ಷಕ್ಕೊಮ್ಮೆ ಹೊಸ ಅಂಕಿಗಳಿಂದ ಮತ್ತೆ ಹಾಕಿ, ಮುಂದಿನ ಪ್ರವೇಶದ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಶಿಕ್ಷಣ, ಆರೋಗ್ಯ ಮತ್ತು ಹಣಕಾಸು ಇಲಾಖೆಗಳು ಆ ಸಂಖ್ಯೆಗೆ ಒಟ್ಟಿಗೆ ಒಪ್ಪಿಗೆ ನೀಡಬೇಕು.