ಬ್ಲೇಕ್ ತೀರ್ಪು ಹಿಡಿದು ಹಳೆಯ ಡ್ರಗ್ ಕೇಸು ತೆಗೆಸುವ ಬಗೆ: ವಾಷಿಂಗ್ಟನ್ ರಾಜ್ಯದ ಕನ್ನಡಿಗರಿಗೆ

ಬರೀ ಪೊಸೆಷನ್‌ಗೆ, ಅಂದರೆ ಡ್ರಗ್ ಇಟ್ಟುಕೊಂಡಿದ್ದಕ್ಕೆ ಮಾತ್ರ, ಬ್ಲೇಕ್ ತೀರ್ಪು ಬಂದ 2021ರ ಫೆಬ್ರುವರಿ 25ಕ್ಕಿಂತ ಮುಂಚೆ ವಾಷಿಂಗ್ಟನ್ ರಾಜ್ಯದ ಕೋರ್ಟಿನಲ್ಲಿ ನಿಮಗೆ ಕನ್ವಿಕ್ಷನ್ (ಅಪರಾಧಿ ಎಂಬ ತೀರ್ಪು) ಆಗಿದ್ದರೆ ಅದನ್ನು ತೆಗೆಸಬಹುದು. ಅರ್ಜಿಗೆ ಫೀ ಇಲ್ಲ, ಇಷ್ಟು ವರ್ಷದೊಳಗೆ ಬರಬೇಕೆಂಬ ಗಡುವೂ ಇಲ್ಲ. ಆ ಕೇಸಿಗೆ ಕಟ್ಟಿದ ದಂಡ ವಾಪಸ್ ಬರುತ್ತದೆ. ನಾನು ಕೆಂಟ್‌ನಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಪ್ಯಾರಾಲೀಗಲ್. ಕಾಗದ ಜೋಡಿಸುವುದು, ಕ್ಲರ್ಕ್ ಆಫೀಸಿನ ಬೆನ್ನು ಹತ್ತುವುದು ನನ್ನ ಕೆಲಸ. ಕಾನೂನು ಸಲಹೆ ಕೊಡುವುದಲ್ಲ. ಯುಗಾದಿ ಊಟಕ್ಕೆ ಕೂತಾಗ ಯಾರೂ ಈ ವಿಷಯ ಎತ್ತುವುದಿಲ್ಲ. ಊಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಡಿಕ್ಕಿ ತೆಗೆಯುತ್ತಾ, "ನನ್ನ ಫ್ರೆಂಡ್ ಒಬ್ಬನಿಗೆ..." ಅಂತ ಶುರು ಮಾಡುತ್ತಾರೆ. ಆ ಫ್ರೆಂಡಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪೊಸೆಷನ್ ಕಾನೂನು ಬಿದ್ದದ್ದು ಹೇಗೆ ಅನ್ನುವುದು ಗೊತ್ತಿರಲಿ, ಮುಂದೆ ಅದೇ ಕೆಲಸಕ್ಕೆ ಬರುತ್ತದೆ. 2016ರಲ್ಲಿ ಸ್ಪೋಕೇನ್‌ನಲ್ಲಿ ಬ್ಲೇಕ್ ಎಂಬ ಮಹಿಳೆಯನ್ನು ಪೊಲೀಸರು ಹಿಡಿದರು. ಜೈಲಿನಲ್ಲಿ ತಪಾಸಣೆ ಮಾಡುವಾಗ ಆಕೆಯ ಜೀನ್ಸಿನ ಚಿಲ್ಲರೆ ಜೇಬಿನಲ್ಲಿ ಮೆಥ್ ಇದ್ದ ಪುಟ್ಟ ಪೊಟ್ಟಣ ಸಿಕ್ಕಿತು. ಆ ಜೀನ್ಸ್ ಗೆಳತಿಯೊಬ್ಬಳು ಸೆಕೆಂಡ್ ಹ್ಯಾಂಡ್ ಕೊಂಡು ಕೊಟ್ಟದ್ದು, ಒಳಗೆ ಏನಿತ್ತೆಂದು ತನಗೆ ಗೊತ್ತಿಲ್ಲ ಎಂದು ಆಕೆ ಹೇಳಿದರು. ಗೊತ್ತಿತ್ತೋ ಇಲ್ಲವೋ, ಜೇಬಿನಲ್ಲಿ ಸಿಕ್ಕರೆ ಫೆಲನಿ, ಅಂದರೆ ದೊಡ್ಡ ಅಪರಾಧ: ಈ ರಾಜ್ಯದ ಕಾನೂನು ಹಾಗಿತ್ತು. ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ನಮ್ಮ ದೇಶದ ಎನ್‌ಡಿಪಿಎಸ್ ಕಾಯ್ದೆಯ 35ನೇ ಸೆಕ್ಷನ್ನೂ ಆರೋಪಿಗೆ ಗೊತ್ತಿತ್ತು ಎಂದೇ ಹಿಡಿದು, ಇಲ್ಲವೆಂದು ತೋರಿಸುವ ಭಾರವನ್ನು ಅವನ ಮೇಲೆ ಹಾಕುತ್ತದೆ. ಹಾಗಾಗಿ ನಮ್ಮವರಿಗೆ ಇದೇನೂ ವಿಚಿತ್ರ ಅನ್ನಿಸುವುದಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಮಾತ್ರ, ಏನೂ ತಿಳಿಯದೆ ಸುಮ್ಮನಿದ್ದವನನ್ನು ಅಪರಾಧಿ ಮಾಡುವ ಈ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ಹೊಡೆದುಹಾಕಿತು. ಕಾನೂನೇ ಅಸಾಂವಿಧಾನಿಕ ಅಂದಮೇಲೆ ಅದರಡಿ ಆದ ಕನ್ವಿಕ್ಷನ್‌ಗಳೂ ನಿಲ್ಲುವುದಿಲ್ಲ. ನಿಮಗೆ ಡ್ರಗ್ ಇದ್ದದ್ದು ಗೊತ್ತಿತ್ತೋ ಇಲ್ಲವೋ ಅನ್ನುವ ಪ್ರಶ್ನೆಯೇ ಈಗ ಬರುವುದಿಲ್ಲ. 70ರ ದಶಕದಿಂದ ಈಚೆಗೆ ಇಂಥ ಫೆಲನಿ ಆರೋಪಗಳೇ 2 ಲಕ್ಷಕ್ಕೂ ಹೆಚ್ಚು ಎಂದು ಕೋರ್ಟ್ ಆಡಳಿತ ಕಚೇರಿಯ ಅಂದಾಜು. ಇದರ ಜೊತೆಗೆ ಗಾಂಜಾದ ಸಣ್ಣ ಕೇಸುಗಳೂ ಇವೆ.

ನಿಮ್ಮದು ಇದರಲ್ಲಿ ಬರುತ್ತದೆಯೇ? ಪೊಲೀಸರು ಹಾಕಿದ ಆರೋಪ ನೋಡಬೇಡಿ, ತೀರ್ಪಿನ ಕಾಗದ ನೋಡಿ. ಅದರ ಹೆಸರು ಜಡ್ಜ್‌ಮೆಂಟ್ ಅಂಡ್ ಸೆಂಟೆನ್ಸ್. ಅದರ 2.1ನೇ ಭಾಗದಲ್ಲಿ ಪ್ರತಿ ಆರೋಪದ ಎದುರಿಗೆ ಕಾನೂನಿನ ಸಂಖ್ಯೆ ಇರುತ್ತದೆ. 69.50.4013 ಇದ್ದರೆ ನಿಮ್ಮದು ಬ್ಲೇಕ್ ಕೇಸು. 4014 ಅಂದರೆ 40 ಗ್ರಾಂವರೆಗಿನ ಗಾಂಜಾ, ಅದೂ ಸೇರುತ್ತದೆ. 2004ಕ್ಕಿಂತ ಹಳೆಯ ಕಾಗದದಲ್ಲಿ 69.50.401(ಡಿ) ಎಂದಿರಬಹುದು. ಮಾರಾಟದ ಆರೋಪ ಹಾಕಿ ಕೊನೆಗೆ ಬರೀ ಪೊಸೆಷನ್‌ಗೆ ಒಪ್ಪಿಸಿದ್ದರೆ ಅದೂ ಸರಿಯೇ. ಆದರೆ ಅಂಥವರು, ಕನ್ವಿಕ್ಷನ್ ವೇಕೇಟ್ (ರದ್ದು) ಆದಮೇಲೆ ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ವಕೀಲ, ಹಳೆಯ ಆರೋಪವನ್ನು ಮತ್ತೆ ಎತ್ತಬಹುದೇ ಎಂದು ವಕೀಲರನ್ನು ಮೊದಲೇ ಕೇಳಿ. ಮಾರುವ ಉದ್ದೇಶದಿಂದ ಇಟ್ಟುಕೊಂಡದ್ದು, ಮಾರಿದ್ದು, ತಯಾರಿಸಿದ್ದು ಇದರಲ್ಲಿ ಬರುವುದಿಲ್ಲ. ಪೊಸೆಷನ್ ಕೇಸಿನ ನಡುವೆ ಕೋರ್ಟಿಗೆ ಹೋಗದೆ ಬಿದ್ದ ಬೇಲ್ ಜಂಪಿಂಗ್ ಕೇಸು ಇದರ ಜೊತೆಗೆ ತಾನಾಗಿ ಹೋಗುವುದಿಲ್ಲ. ಪಕ್ಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಸಿಕ್ಕಿಬಿದ್ದಿದ್ದರೆ, ಇಲ್ಲವೇ ಫೆಡರಲ್ ಕೋರ್ಟಿನ ಕೇಸಾಗಿದ್ದರೆ, ಈ ತೀರ್ಪು ನಿಮಗೆ ಕೆಲಸಕ್ಕೆ ಬಾರದು.

ಕೇಸ್ ನಂಬರ್ ಮರೆತುಹೋಗಿದೆಯೇ? ಯಾವ ಕೌಂಟಿ ಅನ್ನುವುದು ನೆನಪಿದ್ದರೆ ಸಾಕು, ಆ ಕೌಂಟಿಯ ಕ್ಲರ್ಕ್ ಆಫೀಸು ಹೆಸರು, ಹುಟ್ಟಿದ ದಿನದ ಮೇಲೆ ಹುಡುಕಿಕೊಡುತ್ತದೆ. ಸ್ಟೇಟ್ ಪಟ್ರೋಲ್‌ನ, ಅಂದರೆ ರಾಜ್ಯ ಪೊಲೀಸರ, ವಾಚ್ ಎಂಬ ವೆಬ್‌ಸೈಟಿನಲ್ಲೂ ಸಣ್ಣ ಫೀ ಕಟ್ಟಿ ನಿಮ್ಮ ರೆಕಾರ್ಡ್ ನೋಡಬಹುದು. ನಮ್ಮವರ ಹೆಸರಿನ ಫಜೀತಿ ಇಲ್ಲಿ ಬರುತ್ತದೆ. ಇನಿಷಿಯಲ್ಲು ಬಿಡಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಲಾಸ್ಟ್ ನೇಮ್ ಮಾಡಿದವರು, ಎಲ್ಲವನ್ನೂ ಹಿಂದು ಮುಂದು ಮಾಡಿ ಹುಡುಕಿ. ಬಂಧನವಾದ ದಿನ ಪೊಲೀಸರು ಬರೆದುಕೊಂಡ ಹೆಸರೇ ರೆಕಾರ್ಡಿನಲ್ಲಿ ಕೂತಿರುತ್ತದೆ.

ಅರ್ಜಿ ಹಾಕುವುದು ತೀರ್ಪು ಕೊಟ್ಟ ಕೋರ್ಟಿಗೇ. ಸುಪೀರಿಯರ್ ಕೋರ್ಟಾದರೆ ಸಿಆರ್‌ಆರ್ 7.8 ಎಂಬ ಕ್ರಿಮಿನಲ್ ಕೋರ್ಟ್ ನಿಯಮದಡಿ ಮೋಷನ್ (ಕೋರ್ಟಿಗೆ ಕೋರಿಕೆ). ಡಿಸ್ಟ್ರಿಕ್ಟ್, ಮುನಿಸಿಪಲ್ ಕೋರ್ಟುಗಳಿಗೂ ಅಂಥದೇ ನಿಯಮವಿದೆ. ಫಾರಂ ತುಂಬುವ ಮುಂಚೆ ಆ ಕೌಂಟಿಯ ಪಬ್ಲಿಕ್ ಡಿಫೆಂಡರ್ (ಆರೋಪಿಗಳಿಗೆ ಸರ್ಕಾರ ಕೊಡುವ ವಕೀಲರ) ಆಫೀಸಿಗೆ ಫೋನ್ ಮಾಡಿ, "ಬ್ಲೇಕ್ ಕೇಸು" ಅನ್ನಿ. ಎಷ್ಟೋ ಕಡೆ ಪ್ರಾಸಿಕ್ಯೂಟರೂ ಡಿಫೆಂಡರೂ ಸೇರಿ ಒಪ್ಪಿಗೆಯ ಆದೇಶ ತಯಾರಿಸಿ ಜಡ್ಜ್ ಸಹಿ ಮಾಡಿಸುತ್ತಾರೆ, ನೀವು ಕೋರ್ಟಿಗೆ ಹೋಗುವುದೇ ಬೇಡ. ಸಾವಿರಾರು ಡಾಲರ್ ಕೇಳುವವರು ಸಿಕ್ಕರೆ ಮೊದಲು ಅಲ್ಲಿ ವಿಚಾರಿಸಿ. ಜೈಲಿನಲ್ಲಿರುವವರ ಹಳೆಯ ಪೊಸೆಷನ್ ಕೇಸು ಬೇರೆ ಅಪರಾಧದ ಶಿಕ್ಷೆಯನ್ನು ಹೆಚ್ಚಿಸಿದ್ದರೆ ಮರುಶಿಕ್ಷೆಯ ವಿಚಾರಣೆ ಕೇಳಬಹುದು, ಅದಕ್ಕಂತೂ ವಕೀಲರು ಬೇಕೇ ಬೇಕು.

ಇಲ್ಲಿಂದ ಮುಂದಿನದು ಸಿಟಿಜನ್ ಆಗದವರಿಗೆ. ಈ ಭಾಗ ನಿಧಾನವಾಗಿ ಓದಿ.

ಹಾಸನದ ಕಡೆಯ ಹುಡುಗನೊಬ್ಬ ಪುಲ್ಮನ್‌ನಲ್ಲಿ ಓದುವಾಗ ಪರೀಕ್ಷೆಯ ಹೊತ್ತಿಗೆ ರೂಮ್‌ಮೇಟ್ ಹತ್ತಿರ ಅಡೆರಾಲ್ ಮಾತ್ರೆ ಇಸಿದುಕೊಂಡು ಬ್ಯಾಗಿನಲ್ಲಿಟ್ಟಿದ್ದ. ಡಾಕ್ಟರ ಚೀಟಿ ಇಲ್ಲದ ಅಡೆರಾಲ್ ಕಾನೂನಿನ ಲೆಕ್ಕದಲ್ಲಿ ಆಂಫೆಟಮೈನ್, ಅಂದರೆ ಫೆಲನಿ. ಒಂದು ದಿನವೂ ಜೈಲಿನಲ್ಲಿ ಕಳೆಯಲಿಲ್ಲ, ದಂಡ ಕಟ್ಟಿ ಮರೆತ. ಮದುವೆಯ ಮೂಲಕ ಗ್ರೀನ್ ಕಾರ್ಡಿಗೆ ಹಾಕುವ ಹೊತ್ತಿಗೆ ಅದೇ ಕೇಸು ಎದ್ದು ಕೂತಿತು. ಊರಿಗೆ ಹೋದರೆ ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ತಡೆಯುತ್ತಾರೆಂದು ಅಜ್ಜಿಯ ತಿಥಿಗೂ ಹೋಗಿರಲಿಲ್ಲ. ಇಮಿಗ್ರೇಷನ್ ಕಾನೂನಿನಲ್ಲಿ ಡ್ರಗ್ ಕನ್ವಿಕ್ಷನ್ ಅಷ್ಟು ಕಠಿಣ; ಗಡೀಪಾರಿನ ಮಟ್ಟಿಗೆ ಸ್ವಂತಕ್ಕೆ ಇಟ್ಟುಕೊಂಡ 30 ಗ್ರಾಂವರೆಗಿನ ಗಾಂಜಾದ ಒಂದೇ ಒಂದು ಕೇಸಿಗೆ ಮಾತ್ರ ವಿನಾಯಿತಿ.

ಕೋರ್ಟಿನಿಂದ ಅವನ ಕೈಗೆ ಬಂದದ್ದು ಒಂದೇ ಪುಟದ ಆದೇಶ. ವೇಕೇಟ್ ಮಾಡಿದೆ ಎಂದಿತ್ತು, ಯಾಕೆ ಅಂತ ಇರಲಿಲ್ಲ. "ಅಕ್ಕಾ, ಕೇಸು ಹೋಯ್ತಲ್ಲ, ಇನ್ನೇನು?" ಅಂದ. ಕಾರಣವೇ ಎಲ್ಲಾ. ಶಿಕ್ಷೆ ಮುಗಿಸಿ ಒಳ್ಳೆಯ ನಡತೆಯಿಂದಿದ್ದಾನೆ ಎಂದು ರಾಜ್ಯ ಕನ್ವಿಕ್ಷನ್ ಅಳಿಸಿದರೆ ಇಮಿಗ್ರೇಷನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅವರ ಪಾಲಿಗೆ ಕನ್ವಿಕ್ಷನ್ ಹಾಗೇ ಉಳಿಯುತ್ತದೆ. ಕೇಸಿನಲ್ಲೇ ಕಾನೂನಿನ ದೋಷವಿದ್ದು ಅದಕ್ಕಾಗಿ ರದ್ದಾದರೆ ಮಾತ್ರ ಹೋಯಿತು ಎಂದು ಒಪ್ಪುತ್ತಾರೆ. 2003ರ ಪಿಕರಿಂಗ್ ಎಂಬ ಇಮಿಗ್ರೇಷನ್ ಮೇಲ್ಮನವಿ ಮಂಡಳಿಯ ತೀರ್ಪು ಇದಕ್ಕೆ ಆಧಾರ. ಬ್ಲೇಕ್ ಎರಡನೆಯ ಬಗೆಯದು. ಆದರೆ ಆದೇಶದ ಕಾಗದ ಅದನ್ನು ಬಾಯಿಬಿಟ್ಟು ಹೇಳಬೇಕು: ಸ್ಟೇಟ್ ವರ್ಸಸ್ ಬ್ಲೇಕ್ ಪ್ರಕಾರ ಕಾನೂನು ಅಸಾಂವಿಧಾನಿಕ, ಆದ್ದರಿಂದ ಈ ಕನ್ವಿಕ್ಷನ್ ಅಸಿಂಧು, ಆರೋಪ ಮತ್ತೆ ಹಾಕಲಾಗದಂತೆ ವಜಾ. ಅವನ ಡಿಫೆಂಡರ್ ಹತ್ತಿರ ಈ ಸಾಲುಗಳಿರುವ ತಿದ್ದಿದ ಆದೇಶಕ್ಕೆ ಸಹಿ ಮಾಡಿಸಿಕೊಂಡೆವು. 9.94ಎ.640 ಎಂಬ ಸಂಖ್ಯೆ ಆದೇಶದಲ್ಲಿ ಕಂಡರೆ ಅದು ಒಳ್ಳೆ ನಡತೆಯ ದಾರಿ. ಸಿಟಿಜನ್ನರಿಗೆ ಪರವಾಗಿಲ್ಲ, ನಿಮಗೆ ಸಾಲದು.

ಇನ್ನೊಂದು ಮಾತು. ಆದೇಶದ ಸರ್ಟಿಫೈಡ್ ಪ್ರತಿಯನ್ನೂ, ಹಳೆಯ ಆರೋಪಪತ್ರ ಹಾಗೂ ತೀರ್ಪಿನ ಸರ್ಟಿಫೈಡ್ ಪ್ರತಿಯನ್ನೂ ಈಗಲೇ ತೆಗೆದಿಡಿ. ಸುಪೀರಿಯರ್ ಕೋರ್ಟಿನಲ್ಲಿ ಮೊದಲ ಪುಟಕ್ಕೆ 5 ಡಾಲರ್, ಆಮೇಲಿನ ಪುಟಕ್ಕೆ 1. ಸಿಟಿಜನ್‌ಶಿಪ್ಪಿನ ಎನ್-400 ಫಾರಂನಲ್ಲಿ ಬಂಧನದ ಬಗ್ಗೆ ಕೇಳಿದರೆ, ಕೇಸು ವೇಕೇಟ್ ಆಗಿದ್ದರೂ ಹೌದು ಎಂದೇ ಬರೆಯಬೇಕು. ಬರೆದು, ಈ ಕಾಗದ ಲಗತ್ತಿಸಿ. ಊರಿಗೆ ಟಿಕೆಟ್ ಮಾಡಿಸುವ ಮುನ್ನ ಇಮಿಗ್ರೇಷನ್ ವಕೀಲರಿಗೆ ಕಾಗದ ತೋರಿಸಿ. ಕೈಯಲ್ಲಿ ದುಡ್ಡಿಲ್ಲದವರಿಗೆ ನಾರ್ತ್‌ವೆಸ್ಟ್ ಇಮಿಗ್ರಂಟ್ ರೈಟ್ಸ್ ಪ್ರಾಜೆಕ್ಟ್ ಇದೆ.

ದುಡ್ಡಿನ ವಿಷಯ ಕೊನೆಗೆ ಇಟ್ಟಿದ್ದೇನೆ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಮೊತ್ತ ಸಣ್ಣದೇನಲ್ಲ: ಆಗ ಡ್ರಗ್ ದಂಡವೇ ಮೊದಲ ಸಲಕ್ಕೆ 1,000 ಡಾಲರ್, ಸಂತ್ರಸ್ತರ ನಿಧಿಗೆ 500, ಡಿಎನ್ಎ ಮಾದರಿ ತೆಗೆದದ್ದಕ್ಕೆ 100, ಜೊತೆಗೆ 2018ರವರೆಗೆ 12 ಪರ್ಸೆಂಟ್ ಬಡ್ಡಿ. ಕನ್ವಿಕ್ಷನ್ ವೇಕೇಟ್ ಆದಮೇಲೆ ಎಷ್ಟು ಹಣ ವಾಪಸ್ ಬರಬೇಕೆಂದು ಅದೇ ಕೋರ್ಟು ನಿರ್ಧರಿಸಿ ಆದೇಶ ಮಾಡಬೇಕು. ಆಮೇಲೆ ಬ್ಲೇಕ್ ರೀಫಂಡ್ ಬ್ಯೂರೋಗೆ ಆನ್‌ಲೈನಿನಲ್ಲಿ ಅರ್ಜಿ. ರಾಜ್ಯದ ಕೋರ್ಟ್ ಆಡಳಿತ ಕಚೇರಿ 2023ರ ಜುಲೈ ಕೊನೆಯಲ್ಲಿ ಇದನ್ನು ತೆರೆಯಿತು. ಒಂದೇ ಕೇಸಿನಲ್ಲಿ ಬೇರೆ ಆರೋಪಕ್ಕೂ ಶಿಕ್ಷೆಯಾಗಿದ್ದರೆ ಪೂರ್ತಿ ದುಡ್ಡು ಬಾರದಿರಬಹುದು. ಬಂದ ಮೊತ್ತ ಕಡಿಮೆ ಅನ್ನಿಸಿದರೆ ಕ್ಲರ್ಕ್ ಆಫೀಸಿನಲ್ಲಿ ನೀವು ಕಟ್ಟಿದ್ದರ ಲೆಕ್ಕದ ಪ್ರತಿ ಕೇಳಿ, ಅದನ್ನು ಹಿಡಿದು ಕೋರ್ಟಿಗೇ ತಕರಾರು ಹಾಕಿ.

ಒಂದೆರಡು ತಿಂಗಳು ಬಿಟ್ಟು ವಾಚ್‌ನಲ್ಲಿ ಮತ್ತೊಮ್ಮೆ ನಿಮ್ಮ ಹೆಸರು ಹಾಕಿ ನೋಡಿ. ಕನ್ವಿಕ್ಷನ್ ಇನ್ನೂ ಕಾಣಿಸುತ್ತಿದ್ದರೆ ಆದೇಶ ಸ್ಟೇಟ್ ಪಟ್ರೋಲ್‌ಗೆ ತಲುಪಿಲ್ಲ ಎಂದರ್ಥ. ಕೇಸ್ ನಂಬರ್ ಹೇಳಿ ಕ್ಲರ್ಕಿಗೆ ಮತ್ತೆ ಕಳಿಸಲು ಹೇಳಿ, ಕಳಿಸಿದ ತಾರೀಖನ್ನು ಈಮೇಲಿನಲ್ಲಿ ಬರೆಸಿಕೊಳ್ಳಿ.