ಚರ್ಮ ಹರಿಯದಂತೆ ಇಡೀ ಕೋಳಿಯ ಮೂಳೆ ಬಿಡಿಸಿದ್ದು

ಖೀಮಾ ತುಂಬಿ ಇಡೀ ಕೋಳಿ ರೋಸ್ಟ್ ಮಾಡಬೇಕು ಅಂತ ನನಗೆ ತುಂಬಾ ಆಸೆ. ಆದರೆ ಎರಡು ಸಲ ಮೂಳೆ ಬಿಡಿಸಲು ಹೋದಾಗಲೂ ಚರ್ಮ ಹರಿದುಹೋಯಿತು. ಮೊನ್ನೆ ಮೂರನೇ ಸಲ ಸರಿಯಾಗಿ ಬಂತು.

ತಪ್ಪು ಇದ್ದದ್ದು ಶುರು ಮಾಡುವ ಜಾಗದಲ್ಲಿ. ನಾನು ಎದೆ ಕಡೆಯಿಂದ ಕೊಯ್ಯುತ್ತಿದ್ದೆ. ಎದೆಮೂಳೆಯ ಏಣಿನ ಮೇಲೆ ಚರ್ಮದ ಕೆಳಗೆ ಮಾಂಸವೇ ಇಲ್ಲ, ಹರಿಯದೆ ಇನ್ನೇನು? ಈ ಸಲ ಕೋಳಿಯನ್ನು ಬೋರಲು ಹಾಕಿ, ಬೆನ್ನುಮೂಳೆಯ ಉದ್ದಕ್ಕೂ ಒಂದೇ ಗೀಟು ಕೊಯ್ದೆ. ಆಮೇಲೆ ಚಿಕ್ಕ ಚಾಕುವಿನ ಅಲಗನ್ನು ಮೂಳೆ ಕಡೆಗೇ ಒತ್ತಿ, ಸ್ವಲ್ಪ ಸ್ವಲ್ಪವೇ ಕೆರೆಯುತ್ತಾ ಮಾಂಸ ಬಿಡಿಸಿದೆ.

ಕೀಲುಗಳೇ ಮುಖ್ಯ. ತೊಡೆಯನ್ನು ಹಿಂದಕ್ಕೆ ಮಡಿಸಿದರೆ ಕೀಲು ಟಕ್ ಅಂತ ಕಳಚುತ್ತದೆ. ಅಲ್ಲಿ ಚಾಕು ತೂರಿಸಿದರೆ ಸಾಕು, ಮೂಳೆ ಕಡಿಯುವ ಕೆಲಸವೇ ಇಲ್ಲ. ರೆಕ್ಕೆಯ ಬುಡದಲ್ಲೂ ಹಾಗೇ. ಕೊನೆಗೆ ಎದೆಯ ಏಣಿಗೆ ಬಂದಾಗ ಮಾತ್ರ ಅವಸರ ಬೇಡ. ಮೃದು ಮೂಳೆಯ ತೆಳು ಪದರ ಚರ್ಮಕ್ಕೇ ಅಂಟಿಕೊಂಡು ಉಳಿದರೂ ಪರವಾಗಿಲ್ಲ.

ಅಂಗಡಿಯಲ್ಲಿ ಸಾಮಾನ್ಯವಾಗಿ ಚರ್ಮ ಸುಲಿದೇ ಕೊಡುತ್ತಾರೆ ಅಲ್ವಾ, ಚರ್ಮ ಸಮೇತ ಬೇಕು ಅಂತ ಮೊದಲೇ ಹೇಳಿ. ಫ್ರಿಜ್‌ನಲ್ಲಿಟ್ಟು ತಣ್ಣಗಾದ ಕೋಳಿ ಜಾರುವುದು ಕಡಿಮೆ. ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ತುಂಬಿದ ಮೇಲೆ ಬೆನ್ನನ್ನು ಹತ್ತಿ ದಾರದಿಂದ ಹೊಲಿದೆ. ಒಳಗಿನ ಖೀಮಾ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೂ ಬೇಯಿಸಲೇಬೇಕು. ಮೂಳೆಗಳನ್ನು ಕಾಳುಮೆಣಸು, ಶುಂಠಿ ಹಾಕಿ ಕುಕ್ಕರ್‌ನಲ್ಲಿ ಕೂಗಿಸಿದೆ, ಅಂದಿನ ರಾತ್ರಿಗೆ ಸೂಪ್ ಆಯಿತು.