ಕಾಫಿ ಸ್ಟೋರಿನ ಮಾಳಿಗೆಯಲ್ಲಿ ಕೈಯಾರೆ ಹಾಕಿದ ಹಳಿ

ಕೊಡಗಿಗೆ ರೈಲಿಲ್ಲ. ಸೋಮವಾರಪೇಟೆ ಕಡೆಯವರಾದ ನಮಗೆ ಘಟ್ಟದ ರೈಲು ಅಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವುದೇ. 57 ಸುರಂಗ, 50 ಅಡಿಗೆ 1 ಅಡಿ ಇಳಿಜಾರು. ಈಗ ಅದು ಬ್ರಾಡ್‌ಗೇಜ್. 1979ರಲ್ಲಿ ಹಾಸನ–ಮಂಗಳೂರು ದಾರಿ ಪೂರ್ತಿಯಾದಾಗ ಇದ್ದದ್ದು ಮೀಟರ್‌ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್. ಕಾಫಿ ಸ್ಟೋರಿನ ಮಾಳಿಗೆಯಲ್ಲಿ ನಾನು ಕಟ್ಟುತ್ತಿರುವ ಪುಟ್ಟ ಮಾದರಿ ರೈಲಿಗೆ ಬೇಕಿದ್ದದ್ದು ಆ ಹಳೆಯದು. ಹಾಗಂತ ಯಾವುದೇ ಒಂದು ಸ್ಟೇಷನ್ನಿನ ನಕಲು ಮಾಡಿಲ್ಲ. ಘಟ್ಟದ ನಡುವಿನ ಊಹೆಯ ನಿಲ್ದಾಣ, ಎರಡು ಲೈನು, ಬೋಗಿ ನಿಲ್ಲಿಸಲು ಪಕ್ಕಕ್ಕೆ ಒಂದು ಸೈಡಿಂಗ್. ಅಷ್ಟೇ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಹಳಿ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ನೋಡಿ. ಸುಲಭವಾಗಿ ಸಿಗುವ ಎಂಜಿನ್ ಚಾಸಿಗಳು 16.5 ಮಿ.ಮೀ. ಅಗಲದ ಹಳಿಯವು. 1:64 ಅಳತೆ, ಅಂದರೆ ನಿಜದ 64ರಲ್ಲಿ ಒಂದು ಪಾಲು, ಇಟ್ಟುಕೊಂಡರೆ ಆ 16.5 ಮಿ.ಮೀ. ನಿಜದಲ್ಲಿ 1056 ಮಿ.ಮೀ. ಆಗುತ್ತದೆ. ಮೀಟರ್‌ಗೇಜ್‌ಗೆ ಸಾಕಷ್ಟು ಹತ್ತಿರ. ನ್ಯೂಜಿಲೆಂಡ್, ಕ್ವೀನ್ಸ್‌ಲ್ಯಾಂಡ್ ಕಡೆಯ ಮಾದರಿಗಾರರೂ ತಮ್ಮ 1067 ಮಿ.ಮೀ. ಹಳಿಗೆ ಇದೇ ಜೋಡಿಯನ್ನು ಬಳಸುತ್ತಾರೆ. ಆದರೆ ರೆಡಿಮೇಡ್ ಹಳಿಯ ಸ್ಲೀಪರ್‌ಗಳು, ಅಂದರೆ ಕಂಬಿಯ ಕೆಳಗಿನ ಅಡ್ಡಪಟ್ಟಿಗಳು, 1:87ಕ್ಕೆ ಮಾಡಿದವು. ಸಣ್ಣವು, ಒತ್ತೊತ್ತಾಗಿರುತ್ತವೆ. ಅದರ ಮೇಲೆ 1:64ರ ವೈಡಿಎಂ-4 ಡೀಸೆಲ್ ಎಂಜಿನ್ ನಿಲ್ಲಿಸಿದರೆ ಕಣ್ಣಿಗೆ ತಕ್ಷಣ ಚುಚ್ಚುತ್ತದೆ.

ನಮ್ಮ ಮೀಟರ್‌ಗೇಜ್‌ನ ಮರದ ಸ್ಲೀಪರ್ 1800 ಮಿ.ಮೀ. ಉದ್ದ, 200 ಅಗಲ, 115 ದಪ್ಪ. 64ರಿಂದ ಭಾಗಿಸಿದರೆ ಸುಮಾರು 28, 3.1 ಮತ್ತು 1.8 ಮಿ.ಮೀ. ಗಜಕ್ಕೆ 60 ಪೌಂಡ್ ತೂಗುವ ಕಂಬಿಯ ಎತ್ತರ 114.3 ಮಿ.ಮೀ., ಅಂದರೆ ಇಲ್ಲಿ ಸುಮಾರು 1.79. ಕೋಡ್ 70 ಅನ್ನುವ ನಿಕಲ್ ಸಿಲ್ವರ್ ಕಂಬಿ 1.78 ಮಿ.ಮೀ. ಎತ್ತರ ಇರುತ್ತದೆ. ಇಷ್ಟು ಚೆನ್ನಾಗಿ ಹೊಂದಿಕೊಂಡ ಮೇಲೆ ಬೇರೆ ಯೋಚನೆ ಯಾಕೆ?

ಸ್ಲೀಪರ್‌ಗೆ ತೋಟದ ಸಿಲ್ವರ್ ಓಕ್. ನೆರಳಿಗೆ ಬೆಳೆಸಿದ ಮರ, ಸಾಮಿಲ್ಲಿನಲ್ಲಿ ತುಂಡುಗಳು ಸುಮ್ನೆ ಬಿದ್ದಿರುತ್ತವೆ. "ಅಣ್ಣಾ, ಇದು ಹಲ್ಲು ಚುಚ್ಚಿಕೊಳ್ಳೋಕಾ?" ಅಂತ ಕೇಳಿದರೂ ಅಲ್ಲಿನ ಹುಡುಗ ತೆಳ್ಳಗೆ ಕೊಯ್ದು ಕೊಟ್ಟ. ಕಡ್ಡಿಗಳನ್ನು ಕಾಫಿ ಕಣದ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಉದ್ದಕ್ಕೆ ಕತ್ತರಿಸಿದೆ. ಈ ಮರದ ನಾರು ದೊಡ್ಡದು, ಹೊಳೆಯುವ ಮಚ್ಚೆ ಜಾಸ್ತಿ. ಕಪ್ಪು ಮಸಿಯನ್ನು ನೀರಾಗಿ ಬಳಿದರೆ ಮರೆಯಾಗುತ್ತದೆ.

ಕಂಬಿಯನ್ನು ಸ್ಲೀಪರ್‌ಗೆ ಹಿಡಿಸಲು ಎರಡು ದಾರಿ. ಪುಟ್ಟ ಮೊಳೆ ಹೊಡೆಯುವುದು ಒಂದು, ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡಿನ ಪಟ್ಟಿಗೆ ಬೆಸುಗೆ ಹಾಕುವುದು ಇನ್ನೊಂದು. ಮೊಳೆ ಹೊಡೆದ ಹಳಿ ನೋಡಲು ಚಂದ, ಒಪ್ಪುತ್ತೇನೆ. ಆದರೆ ನಮ್ಮ ಮಳೆಗಾಲದ ತೇವಕ್ಕೆ ಕಬ್ಬಿಣದ ಮೊಳೆ ತುಕ್ಕು ಹಿಡಿಯದೆ ಇರುತ್ತದಾ? ಮರ ಉಬ್ಬಿ ಕುಗ್ಗಿದರೆ ಮೊಳೆಯ ಹಿಡಿತವೂ ಸಡಿಲ. ಕೋಡ್ 70ರಷ್ಟು ತಗ್ಗಿನ ಕಂಬಿಯಲ್ಲಿ ಕೆಲವು ಚಕ್ರಗಳ ಅಂಚು ಮೊಳೆಯ ತಲೆಗೆ ತಾಗುತ್ತದೆ ಬೇರೆ. ಬೆಸುಗೆಯೇ ಸರಿ ಅನಿಸಿತು. ಐದು ಸ್ಲೀಪರ್‌ಗೆ ಒಂದು ಬೋರ್ಡಿನ ಪಟ್ಟಿ, ಮಿಕ್ಕವು ಮರ. ಬೋರ್ಡಿನ ದಪ್ಪ 1.6 ಮಿ.ಮೀ., ಮರದ್ದು 1.8. ಪಟ್ಟಿಯ ಕೆಳಗೆ ತೆಳು ರಟ್ಟು ಅಂಟಿಸಿದರೆ ಸಮ. ಬೋರ್ಡ್ ಕತ್ತರಿಸುವಾಗ ಗಾಜಿನ ನಾರಿನ ದೂಳು ಏಳುತ್ತದೆ, ಮಾಸ್ಕ್ ಇಲ್ಲದೆ ಕೂರಬೇಡಿ. ಪಟ್ಟಿಯ ನಡುವೆ ತಾಮ್ರವನ್ನು ಅರದಲ್ಲಿ ಅಡ್ಡ ಕೊರೆಯಲೇಬೇಕು, ಇಲ್ಲದಿದ್ದರೆ ಎರಡೂ ಕಂಬಿ ಶಾರ್ಟ್ ಆಗುತ್ತವೆ. ಪ್ರತಿ ಪಟ್ಟಿಯನ್ನೂ ಮಲ್ಟಿಮೀಟರ್ ಇಟ್ಟು ನೋಡಿಯೇ ಅಂಟಿಸುತ್ತೇನೆ. ಕಂಬಿ ಕೂತ ಮೇಲೆ ಯಾವ ಪಟ್ಟಿಯ ತಪ್ಪು ಅಂತ ಹುಡುಕುವುದು ತಲೆನೋವು.

ಇನ್ನು ತಿರುವು. ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಮೀಟರ್‌ಗೇಜ್‌ನಲ್ಲಿ ರೈಲ್ವೆ ಸಾಮಾನ್ಯವಾಗಿ ಒಪ್ಪುವ ಅತಿ ಬಿಗಿಯಾದ ತಿರುವು 16 ಡಿಗ್ರಿ, ಅಂದರೆ 109 ಮೀಟರ್ ತ್ರಿಜ್ಯ. 1:64ಕ್ಕೆ ಇಳಿಸಿದರೂ 1.7 ಮೀಟರ್. ಮಾಳಿಗೆಯಲ್ಲಿ ಅಷ್ಟು ಜಾಗ ಎಲ್ಲಿದೆ? 90 ಸೆಂ.ಮೀ.ಗೆ ಒಪ್ಪಿಕೊಂಡೆ. ಇಷ್ಟು ಬಿಗಿ ತಿರುವಿನಲ್ಲಿ ಕಂಬಿಯನ್ನು ನೇರವಾಗಿಟ್ಟು, ಬಗ್ಗಿಸುತ್ತಾ ಬೆಸುಗೆ ಹಾಕುತ್ತಾ ಹೋದರೆ ಕಂಬಿ ಯಾವಾಗಲೂ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದೆ. ಒಂದು ಬೆಸುಗೆ ಬಿಟ್ಟರೆ ಅಲ್ಲಿಯೇ ಮೂಲೆ. ಅದಕ್ಕೆ ಕಂಬಿಯನ್ನು ಮೊದಲೇ ಬಗ್ಗಿಸಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ, ಹಲಗೆಯ ಮೇಲೆ ಎಳೆದ ಗೆರೆಯ ಮೇಲಿಟ್ಟು ನೋಡುತ್ತಾ, ಕೈ ಬಿಟ್ಟರೂ ಗೆರೆಯ ಮೇಲೆ ತಾನಾಗಿ ಮಲಗುವವರೆಗೆ. ಬಗ್ಗಿಸುವಾಗ ಕಂಬಿ ಓರೆಯಾಗಿ ತಿರುಚಿಕೊಳ್ಳುತ್ತದೆ, ಅದನ್ನೂ ಸರಿ ಮಾಡಬೇಕು. ಬೆಸುಗೆಯ ಕೆಲಸ ಹಿಡಿದಿಡುವುದು ಮಾತ್ರ. ಕಂಬಿಯನ್ನು ಬಗ್ಗಿಸಿ ನಿಲ್ಲಿಸುವ ಕೆಲಸ ಅದಕ್ಕೆ ಕೊಡಬಾರದು.

ಹೊರಗಿನ ಕಂಬಿ ಮೊದಲು. ಅದನ್ನು ಕಣ್ಣಳತೆಗೆ ಸರಿ ಮಾಡುವುದಕ್ಕೆ ಹೊತ್ತು ತಗೊಳ್ಳಿ. ಕೆನ್ನೆಯನ್ನು ಹಲಗೆಗೆ ತಾಗಿಸಿ ಕಂಬಿಯ ಉದ್ದಕ್ಕೂ ನೋಡಿದರೆ ಸೊಟ್ಟ ತಾನಾಗಿ ಕಾಣುತ್ತದೆ. ಒಳಗಿನದನ್ನು ಗೇಜ್, ಅಂದರೆ ಕಂಬಿಗಳ ನಡುವಿನ ಅಗಲ ಹಿಡಿಯುವ ಸಾಧನ, ಇಟ್ಟು ಹಾಕಿದರಾಯಿತು. ಮೂರು ಕಾಲಿನ ಗೇಜ್‌ನ ಎರಡು ಕಾಲು ತಿರುವಿನ ಹೊರಗಿನ ಕಂಬಿಯ ಮೇಲೆ ಕೂತರೆ ಅಗಲ ಚೂರು ಹೆಚ್ಚುತ್ತದೆ, ಎಂಜಿನ್ನಿನ ಕೆಳಗಿನ ಆರು ಚಕ್ರದ ಚೌಕಟ್ಟಿಗೆ ಅಷ್ಟು ಸಡಿಲ ಬೇಕು. 17 ಮಿ.ಮೀ. ದಾಟಲು ಮಾತ್ರ ನಾನು ಬಿಡುವುದಿಲ್ಲ.

ಬೆಸುಗೆಗೆ 25 ವ್ಯಾಟ್ ಐರನ್ ಸಾಲದು. ಶಾಖವನ್ನೆಲ್ಲ ಕಂಬಿ ಎಳೆದುಕೊಳ್ಳುತ್ತದೆ. 60 ವ್ಯಾಟ್ ಇರಲಿ, ಮುಟ್ಟಿಸಿ ತಕ್ಷಣ ತೆಗೆಯಿರಿ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್, ಸೀಸ ಎಲ್ಲ ಮೊಬೈಲ್ ರಿಪೇರಿ ಅಂಗಡಿಯಲ್ಲೇ ಸಿಗುತ್ತವೆ. ಫ್ಲಕ್ಸನ್ನು ಮರೆಯದೆ ಒರೆಸಿ, ತೇವಕ್ಕೆ ಅದು ಹಸಿರು ಕಟ್ಟುತ್ತದೆ.

ಪಾಯಿಂಟ್, ಅಂದರೆ ರೈಲು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗುವ ಜಾಗ, ಮಾಡುವುದು ಎಲ್ಲರೂ ಹೆದರಿಸುವಷ್ಟು ಕಷ್ಟವಿಲ್ಲ, ತಾಳ್ಮೆ ಮಾತ್ರ ಬೇಕು. ರೈಲ್ವೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕೋನ 1 ಇನ್ 8.5 ಮತ್ತು 1 ಇನ್ 12. ನಾನು 1 ಇನ್ 8 ಹಿಡಿದೆ, ಕಾಗದದ ಮೇಲೆ ಎಂಟು ಚೌಕ ಉದ್ದ, ಒಂದು ಚೌಕ ಅಡ್ಡ ಎಳೆದರೆ ಕೋನ ಸಿಕ್ಕಿತು. ಎರಡು ಕಂಬಿಗಳನ್ನು ಆ ಗೆರೆಗೆ ಅರದಲ್ಲಿ ಉಜ್ಜಿ ಮೂಗು ಮಾಡಿ, ಕಂಬಿಗಳು ಒಂದನ್ನೊಂದು ದಾಟುವ ಕ್ರಾಸಿಂಗ್ ಕೂರಿಸಿದೆ. ಅತ್ತಿತ್ತ ಸರಿಯುವ ಟಂಗ್ ರೈಲಿನ ತುದಿ ಬೆರಳಿಗೆ ತೊಡರದಷ್ಟು ತೆಳ್ಳಗಾಗಬೇಕು. ಕ್ರಾಸಿಂಗ್‌ನ ಸುತ್ತ ಕಂಬಿಯಲ್ಲಿ ಸಣ್ಣ ಸಂದು ಬಿಟ್ಟು, ಪಾಯಿಂಟ್ ಎಳೆಯುವ ಸ್ಲೈಡ್ ಸ್ವಿಚ್ಚಿನಿಂದಲೇ ಅದಕ್ಕೆ ಕರೆಂಟ್ ಕೊಟ್ಟಿದ್ದೇನೆ. ಪಾಯಿಂಟ್ ತಿರುಗಿದಂತೆ ಧ್ರುವವೂ ಬದಲಾಗುತ್ತದೆ. ಪರೀಕ್ಷೆಗೆ ಎಂಜಿನ್ ಬೇಡ. ಖಾಲಿ ಬೋಗಿಯನ್ನು ಒಂದೇ ಬೆರಳಲ್ಲಿ ತಳ್ಳಿ, ತಡೆಯುವ ಜಾಗ ಬೆರಳಿಗೇ ಗೊತ್ತಾಗುತ್ತದೆ.

ಇದನ್ನೆಲ್ಲ ಅರೇಬಿಕಾ ಕೊಯ್ಲು ಮುಗಿದು ಹೂಮಳೆ ಬರುವುದರೊಳಗೆ ಮಾಡುತ್ತೇನೆ. ನಮ್ಮಲ್ಲಿ ಬಿಸಿಲಿಗೆ ಕಂಬಿ ಹಿಗ್ಗುವುದಕ್ಕಿಂತ ಮಳೆಗೆ ಹಲಗೆ ಉಬ್ಬುವುದೇ ದೊಡ್ಡ ಕಾಟ. ಅದಕ್ಕೆ ಕೆಳಗೆ ನೀರು ತಡೆಯುವ ಪ್ಲೈವುಡ್, ಅಂಚುಗಳಿಗೂ ವಾರ್ನಿಶ್.

ಜಲ್ಲಿ ಕೊನೆಗೆ. ನಿಜದ ಜಲ್ಲಿ 50 ಮಿ.ಮೀ. ಅಂದುಕೊಂಡರೆ ನಮಗೆ 0.8 ಮಿ.ಮೀ. ಬೇಕು. ಎಂ ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆದೆ. ಇಲ್ಲದಿದ್ದರೆ ಅವು ಮೋಟರಿಗೆ ಅಂಟುತ್ತವೆ. ನೀರಿಗೆ ಫೆವಿಕಾಲ್, ಒಂದು ಹನಿ ಪಾತ್ರೆ ಸೋಪು ಸೇರಿಸಿ ಹನಿಹನಿಯಾಗಿ ಬಿಟ್ಟೆ. ಜೂನ್ ನಂತರ ಈ ಕೆಲಸಕ್ಕೆ ಕೈ ಹಾಕಬೇಡಿ. ಅಂಟು ಒಣಗುವ ಮೊದಲೇ ಬೂಷ್ಟು ಬಂದಿರುತ್ತದೆ.